ಕುದಿಸಿಟ್ಟ ಬಾಟಲಿ

ನನ್ನ ಮಾಷ್ಟ್ರಿಗೆ,

ಕೊಳೆತ ಬಾಳೆಹಣ್ಣಿನ ವಾಸನೆ ಬಂದರೆ ಈಗಲೂ ಪುತ್ತೂರಿನ ಕಾಲೇಜಿನ ನಿಮ್ಮ ಪ್ರಯೋಗಾಲಯವೇ ಕಣ್ಣೆದುರು ಬರುತ್ತದೆ. ಎಪ್ಪತ್ತೆಂಟರಲ್ಲಿ ಕೋಡಿಂಬಾಳದಿಂದ ಓದಲೆಂದು ಬಸ್ಸು ಹತ್ತಿ ಬಂದ ನನಗೆ ಹಣ್ಣುನೊಣ ಸಾಕುವ ಕೆಲಸ ಕೊಟ್ಟಿರಿ. "ನೊಣಕ್ಕೂ ರೋಗ ಉಂಟು ಮಾರಾಯ್ತಿ, ಅದರ ಮೈಯೂ ಹೋರಾಡುದುಂಟು" ಎಂದಿರಿ. ನನಗೆ ನಗು. ಮನೆಯಲ್ಲಿ ಓಡಿಸುವ ನೊಣಕ್ಕೆ ಇಲ್ಲಿ ರವೆ, ಬೆಲ್ಲದ ಊಟವೇ?

ಸತ್ತ ನೊಣದಿಂದ ತೆಗೆದು, ಮಾಂಸ ಬೇಯಿಸಿದ ನೀರಿನ ಬಾಟಲಿಗಳಲ್ಲಿ ನೀವು ಬೆಳೆಸಿದ ಆ ಬ್ಯಾಕ್ಟೀರಿಯಾ ಬಲು ಉಗ್ರ. ಸೂಜಿಮೊನೆಗೆ ತಾಗಿಸಿ ಚುಚ್ಚಿದರೆ ಮರುದಿನ ನೊಣಗಳು ಅಂಗಾತ. ಒಂದು ಸಲ ಮಾತ್ರ ಒಂದೂ ಸಾಯಲಿಲ್ಲ. ಅವಕ್ಕೇ ಬೇರೆ ಬಾಟಲಿಯಿಂದ ಮತ್ತೆ ಚುಚ್ಚಿದಿರಿ. ಆಗಲೂ ಹೆಚ್ಚಿನವು ಬದುಕಿದವು! "ಎಂತ ಇದು? ಸಾಯುದೇ ಇಲ್ಲವಲ್ಲ!" ಎಂದು ಕುಣಿದಾಡಿದಿರಿ. ಮೊದಲ ಬಾಟಲಿಯ ಬ್ಯಾಕ್ಟೀರಿಯಾ ತಾನಾಗಿ ಸಾಧುವಾಗಿದೆ ಎಂದು ನಂಬಿ, ಅಂಥದ್ದೇ ತಳಿಯನ್ನು ಎರಡು ವರ್ಷ ಹುಡುಕಿದಿರಿ. ಜೊತೆಯ ಅಧ್ಯಾಪಕರು ನಿಮ್ಮ ಬೆನ್ನ ಹಿಂದೆ ನಗುತ್ತಿದ್ದರು.

ಸಿಗುವುದಾದರೂ ಹೇಗೆ, ಮಾಷ್ಟ್ರೆ? ಆ ಬಾಟಲಿಯನ್ನು ಕುದಿಸಿಟ್ಟವಳು ನಾನು. ನಿನ್ನೆ ಉಳಿದ ಸಾರು, ಪದಾರ್ಥವನ್ನು ಬೆಳಿಗ್ಗೆ ಕುದಿಸದಿದ್ದರೆ ಹಳಸುತ್ತದೆ ಎಂದು ಕಲಿತ ಕೈ. ಮಾಂಸದ ನೀರು ಕದಡಿದ್ದು ಕಂಡದ್ದೇ, ಹಳಸಿತೆಂದು ಸ್ಟವ್ ಹಚ್ಚಿದೆ; ಒಳಗಿನ ಬ್ಯಾಕ್ಟೀರಿಯಾವೆಲ್ಲ ಸತ್ತಿತು. ಹೇಳಬೇಕೆಂದು ಎಷ್ಟು ಸಲ ನಿಮ್ಮ ಬಾಗಿಲವರೆಗೆ ಬಂದೆನೋ... ಕಾಲೇಜು ಬಿಡಿಸಿಯಾರು ಎಂಬ ಹೆದರಿಕೆ.

ಸುಳ್ಯದ ಮನೆಯಲ್ಲಿ ನೀವು ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ, "ಆ ನೊಣಗಳು ಬದುಕಿದ್ದು ಸತ್ಯ ಅಲ್ವಾ?" ಎಂದು ಕೇಳಿದಿರಿ. "ಸತ್ಯ ಮಾಷ್ಟ್ರೆ" ಎಂದೆ, ಅಷ್ಟೇ. ಆ ಹೇಡಿತನಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಈಗ ನಾನು ಕಡಬದಲ್ಲಿ ಪಾಠ ಮಾಡುತ್ತೇನೆ. ಕಳೆದ ವಾರ ವಿದ್ಯಾರ್ಥಿಗಳೆದುರು ಬೇಕೆಂದೇ ಬಾಟಲಿ ಕುದಿಸಿ, ಅರ್ಧ ನೊಣಗಳಿಗೆ ಸತ್ತ ಬ್ಯಾಕ್ಟೀರಿಯಾ ಚುಚ್ಚಿದೆವು. ಮರುದಿನ ಎಲ್ಲಕ್ಕೂ ಜೀವಂತದ್ದನ್ನು ಚುಚ್ಚಿದೆವು. ಕುದಿಸಿದ್ದು ತಾಗದ ನೊಣಗಳೆಲ್ಲ ಸತ್ತವು. ತಾಗಿದವುಗಳಲ್ಲಿ ಹೆಚ್ಚಿನವು ಹಾರಾಡುತ್ತಿದ್ದವು! ಶತ್ರುವಿನ ಹೆಣ ಸೋಕಿದರೂ ನೊಣದ ಮೈ ಎಚ್ಚರಗೊಳ್ಳುತ್ತದೆ. ಹೋರಾಟ ಉಂಟೆಂದ ನಿಮ್ಮ ಮಾತು ನಿಜವಾಯಿತು, ಮಾಷ್ಟ್ರೆ.

"ಇದು ನಿಮಗೆ ಹೇಗೆ ಗೊತ್ತಾದ್ದು ಟೀಚರ್?" ಎಂದು ಒಬ್ಬಳು ಕೇಳಿದಳು. ಸ್ಟವ್ ಹಚ್ಚಿದ್ದು, ಮುಚ್ಚಿಟ್ಟದ್ದು, ನೀವು ಹುಡುಕಿದ್ದು ಎಲ್ಲ ಹೇಳಿದೆ. ಅವಳು ಹತ್ತಿರ ಬಂದು, "ಮೂರನೇ ಬಾಟಲಿಯ ನೊಣಗಳ ಊಟಕ್ಕೆ ಬೆಲ್ಲ ಹಾಕ್ಲಿಕ್ಕೆ ನಾನು ಮರ್ತಿದ್ದೇನೆ ಟೀಚರ್" ಎಂದಳು.

ನಾನು ಬೈಯಲಿಲ್ಲ. ನೀವೂ ಬೈಯುತ್ತಿರಲಿಲ್ಲ, ಅಲ್ಲವೇ? ಅದನ್ನು ಪುಸ್ತಕದಲ್ಲಿ ಬರೆದಿಡು, ಆ ಬಾಟಲಿ ಮಾತ್ರ ಎಸೆಯಬೇಡ ಎಂದೆ. ಬೆಲ್ಲವಿಲ್ಲದ ನೊಣಗಳು ಹೇಗಿವೆಯೆಂದು ನಾಳೆ ಎಲ್ಲರೂ ಸೇರಿ ನೋಡುತ್ತೇವೆ.

ನಿಮ್ಮ,
ಸುಮತಿ