ಬೀಗರ ಹಾಡು ಕಟ್ಟಿದವಳು

೩ ಫೆಬ್ರವರಿ ೧೯೩೬, ಸೋಮವಾರ. ಮಂಡ್ಯ

ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಹೊಳಲಿನಿಂದ ಇಬ್ಬರು ಹೆಂಗಸರು. ಮುಂದಿನ ವಾರ ಮದುವೆ, ಬೀಗರನ್ನು ಗೇಲಿ ಮಾಡಲು ಹಾಡು ಬೇಕು. ಎಂದಿನಂತೆ ಮೊದಲು ಕೇಳಿದೆ — ಗಂಡಿನ ಕಡೆಯವರಲ್ಲಿ ಯಾವುದನ್ನು ಮುಟ್ಟಬಾರದು? ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಹೊರಬಿತ್ತು: ಗಂಡಿನ ಸೋದರತ್ತೆ ಗಂಡನನ್ನು ಬಿಟ್ಟು ಬಂದವಳಂತೆ. ಸರಿ, ಸೋದರತ್ತೆಯ ಸುದ್ದಿ ಬೇಡ. ಗಂಡಿನ ತಂದೆ ಹೇಗೆ? ಬಡಕಲು ಆಳು, ಊಟ ಕಡಿಮೆ. ಹಾಗಾದರೆ ಹನ್ನೆರಡು ಹೋಳಿಗೆ ತಿಂದು ಹದಿಮೂರನೆಯದಕ್ಕೆ ಅಳುತ್ತಾರೆ ಎಂದು ಹಾಡೋಣ ಎಂದೆ. ಇಲ್ಲದ್ದನ್ನು ಹಾಡಿದರೆ ಬೀಗರು ನಗುತ್ತಾರೆ. ಇದ್ದದ್ದನ್ನು ಹಾಡಿದರೆ ಎಲೆ ಬಿಟ್ಟು ಏಳುತ್ತಾರೆ. ನನ್ನ ವಿದ್ಯೆಯೆಲ್ಲ ಇಷ್ಟೇ.

ಹಾಡುವವಳು ಗೋದಾ, ಅಣ್ಣನ ಮಗಳು. ನಾನು ಚಪ್ಪರದ ಹತ್ತಿರ ಸುಳಿಯುವಂತಿಲ್ಲ. ವಿಧವೆಯಾಗಿ ಹದಿನೆಂಟು ವರ್ಷ. ಮಡಿ ಹೆಂಗಸು ಕಟ್ಟಿದ ಹಾಡನ್ನು ಮದುವೆಯಲ್ಲಿ ಹಾಡುತ್ತಾರೆಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮನೆಯೊಳಗೆ ತಮಿಳು, ಹಾಡಿಗೆ ಕನ್ನಡ. ಮದುವೆ ಮುಗಿದ ಮೇಲೆ ಅಕ್ಕಿ, ಬೆಲ್ಲ, ಒಮ್ಮೊಮ್ಮೆ ಸೀರೆ ಹಿತ್ತಿಲಿಗೇ ಬರುತ್ತದೆ. ಅಣ್ಣನ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುತ್ತಿಲ್ಲ ಎಂಬ ಸಮಾಧಾನ ಅದರಿಂದ.

೧೨ ಫೆಬ್ರವರಿ

ಹೊಳಲಿನದು ಚೆನ್ನಾಯಿತಂತೆ. ಬಡಕಲು ಬೀಗರು ನಿಜವಾಗಿಯೂ ಹದಿಮೂರನೆಯ ಹೋಳಿಗೆ ಕೇಳಿ ಅತ್ತು ತೋರಿಸಿದರಂತೆ. ಗೋದಾ ಹೇಳಿ ಹೇಳಿ ನಕ್ಕಳು. ನನಗೂ ಖುಷಿಯಾಯಿತು.

೧ ಮಾರ್ಚ್, ಭಾನುವಾರ

ಅಣ್ಣ ಮದ್ದೂರಿನಿಂದ ಒಂದು ಪುಸ್ತಕ ತಂದ. 'ಸಂಪ್ರದಾಯದ ಮದುವೆ ಹಾಡುಗಳು'. ಸಂಗ್ರಹಿಸಿದವರು ಕಸ್ತೂರಿರಂಗ ಮೇಷ್ಟ್ರು. ಹೋದ ವರ್ಷ ಇಲ್ಲಿಗೆ ಬಂದು ಮೂರು ದಿನ ಜಗಲಿಯಲ್ಲಿ ಕೂತಿದ್ದರು. ಹೆಂಗಸರ ಹಾಡು ಹಾಳಾಗಬಾರದು, ಕಾಪಾಡಬೇಕು ಎಂದಿದ್ದರು. ಗೋದಾ ಹಾಡಿದಳು, ಅವರು ಬರೆದುಕೊಂಡರು. ಕಟ್ಟಿದ್ದು ಅತ್ತೆ ಎಂದು ಅವಳು ಹೇಳಿಯೂ ಇದ್ದಳು.

ಮುನ್ನುಡಿಯಲ್ಲಿ — ಕರ್ತೃ ಯಾರೆಂದು ತಿಳಿಯದ, ಶತಮಾನಗಳಿಂದ ಅಜ್ಜಿಯರ ಬಾಯಲ್ಲಿ ಉಳಿದುಬಂದ ಹಾಡುಗಳು. ಕೆಳಗೆ — ಸರ್ವ ಹಕ್ಕುಗಳೂ ಸಂಗ್ರಾಹಕರವು. ಎಣಿಸಿದೆ. ಹನ್ನೆರಡು ನನ್ನವು.

ಲೋಟದ ಹಾಡೂ ಇದೆ.

ಬೆಳ್ಳಿಯ ಲೋಟವ ಕಂಡರೆ ಬೀಗಗೆ ಬಾಯಾರಿಕೆ
ನೀರನು ಕುಡಿದು ಲೋಟವನಿಟ್ಟ ಪೇಟದ ಒಳಗೆ

ಎರಡು ವರ್ಷದ ಹಿಂದೆ, ಕರೆಂಟು ತಯಾರಾಗುವ ಬ್ಲಫ್ ಎಂಬ ಊರಿನಲ್ಲಿ ಓವರ್‌ಸಿಯರ್ ಆಗಿರುವ ಬೀಗರೊಬ್ಬರಿಗೆ ಕಟ್ಟಿದ್ದು. ಒಂದು ಸೂಜಿ ಸಿಕ್ಕರೂ ಯಾರದೆಂದು ಕೇಳಿಕೊಂಡು ಹೋಗಿ ಕೊಡುವ ಮನುಷ್ಯ. ಅದಕ್ಕೇ ಕಳ್ಳ ಮಾಡಿದ್ದೆ. ಮುಂದಿನ ನುಡಿ ಪುಸ್ತಕದಲ್ಲಿಲ್ಲ —

ಕರೆಂಟಿನ ದೀಪವ ಹೊತ್ತಿಸಿ ಹುಡುಕಿರಿ ಪೇಟವನು
ಬ್ಲಫಿನ ಬೀಗರು ಬೆವರುವ ಚಂದವ ನೋಡಿರಿ ನೀವು

ಶತಮಾನಗಳ ಹಾಡಿನಲ್ಲಿ ಕರೆಂಟು ಹೇಗಿರುತ್ತದೆ? ಅದಕ್ಕೆ ಬಿಟ್ಟಿದ್ದಾರೆ. ಅಂದರೆ ಗೊತ್ತಿದ್ದೇ ಮಾಡಿದ್ದು. ಸಿಟ್ಟು ಬಂತು. ಅಡುಗೆ ಮುಗಿಸಿದೆ.

೧೨ ಮಾರ್ಚ್

ಅಣ್ಣ ಬರೆದ ಕಾಗದಕ್ಕೆ ಮೇಷ್ಟ್ರ ಉತ್ತರ. ಹೆಂಗಸರ ಹಾಡಿಗೆ ಕರ್ತೃ ಎಂದು ಯಾರನ್ನು ಹೇಳುವುದು, ಬಾಯಿಂದ ಬಾಯಿಗೆ ಹೋಗುವಂಥದ್ದು ಎಂದು ಎರಡು ಪುಟ. ಬೇಕಾದರೆ ಮುಂದಿನ ಮುದ್ರಣದಲ್ಲಿ 'ಹಾಡಿದವರು ಚಿ. ಗೋದಾ' ಎಂದು ಹಾಕುತ್ತಾರಂತೆ. ನನ್ನ ಹೆಸರು ಹಾಕಿದರೆ ಮದುವೆ ಮನೆಗೆ ಆ ಪುಸ್ತಕವನ್ನು ಯಾರು ತಾನೇ ಕೊಳ್ಳುತ್ತಾರೆ, ತಾವೇ ಯೋಚಿಸಿ — ಎಂದು ಮುಗಿಸಿದ್ದಾರೆ. ಅಣ್ಣ ಯೋಚಿಸಿ, ಹೋಗಲಿ ಬಿಡು ಎಂದ.

ಹಾಲಿನ ಪುಟ್ಟಮಾದಮ್ಮನಿಗೆ ಗೋದಾ ಎಲ್ಲ ಹೇಳಿದ್ದಾಳೆ. ಚೆಂಬು ಕೆಳಗಿಟ್ಟು ನನ್ನನ್ನು ದಬಾಯಿಸಿದಳು.

"ನಿಮ್ ಅಸೂನ ಅವ್ನು ತನ್ ಕೊಟ್ಟಿಗೇಲಿ ಕಟ್ಕಂಡವ್ನೆ ಕಣಮ್ಮ. ನೀವು ಕಾಗ್ದ ಬರ್ಕಂಡ್ ಕುಂತಿದ್ದೀರ."

ಹಾಲು ಕಾಯಿಸಲಿಟ್ಟೆ.

೧೯ ಏಪ್ರಿಲ್, ಭಾನುವಾರ

ಇನ್ನು ಮೂರು ದಿನಕ್ಕೆ ವೈಶಾಖ. ಹೋದ ವರ್ಷ ಈ ಹೊತ್ತಿಗೆ ಏಳು ಮನೆಯವರು ಬಂದಿದ್ದರು. ಈ ವರ್ಷ ಒಬ್ಬರೂ ಇಲ್ಲ. ಪುಸ್ತಕ ಇದೆಯಲ್ಲ, ನಾಲ್ಕಾಣೆಗೆ ನನ್ನ ಹನ್ನೆರಡು ಹಾಡು. ಹಿತ್ತಿಲಿಗೆ ಬಂದು ಮನೆಯ ಗುಟ್ಟು ಹೇಳುವ ಕಷ್ಟವೂ ಇಲ್ಲ. ಹೆದರಿಕೆಯಾಗುತ್ತಿದೆ. ಹಪ್ಪಳದ ಹಿಟ್ಟು ಕಲಸಿದೆ.

೬ ಮೇ, ಬುಧವಾರ

ಮಳವಳ್ಳಿಯ ಸುದ್ದಿ. ಅಣ್ಣ ಕಚೇರಿಯಲ್ಲಿ ಕೇಳಿಕೊಂಡು ಬಂದ.

ಸಂಪತ್ ಕುಮಾರಾಚಾರ್ಯರ ಮಗಳ ಮದುವೆ. ಬೀಗರ ಊಟದ ಹೊತ್ತಿಗೆ ಹುಡುಗಿಯರು ಪುಸ್ತಕ ಹಿಡಿದು ಲೋಟದ ಹಾಡು ಹಾಡಿದ್ದಾರೆ. ಗಂಡಿನ ತಂದೆ ದೂರದ ಯಾವುದೋ ದೇವಸ್ಥಾನದಲ್ಲಿ ಆಡಳಿತ ನೋಡಿಕೊಳ್ಳುವ ಪಾರುಪತ್ತೆಗಾರರಾಗಿದ್ದವರು. ಅಲ್ಲಿ ದೇವರ ಬೆಳ್ಳಿ ಪಾತ್ರೆ ಕಾಣೆಯಾಗಿ ವಿಚಾರಣೆ ನಡೆದಿತ್ತು. ತಪ್ಪಿಲ್ಲ ಎಂದು ತೀರ್ಮಾನವಾದರೂ ಮಾತು ಅಂಟಿಕೊಂಡೇ ಉಳಿದಿತ್ತು. ಎರಡನೆಯ ಸಾಲಿಗೆ ಅವರ ಕೈ ಎಲೆಯ ಮೇಲೆ ನಿಂತಿತಂತೆ. ಎದ್ದರು. ಅವರ ಪಂಕ್ತಿಯೆಲ್ಲ ಎದ್ದಿತು. ಮಾರನೆಯ ದಿನ ಹುಡುಗಿಯನ್ನು ಬಿಟ್ಟು ಹೊರಟುಹೋದರು. ತಮ್ಮನ್ನು ಅವಮಾನ ಮಾಡಲೆಂದೇ ಹೇಳಿ ಕಟ್ಟಿಸಿದ ಹಾಡು ಎನ್ನುತ್ತಾರಂತೆ.

ನನ್ನಲ್ಲಿಗೆ ಬಂದಿದ್ದರೆ ಮೊದಲು ಕೇಳುತ್ತಿದ್ದೆ. ಪುಸ್ತಕ ಕೇಳುವುದಿಲ್ಲ. ಆ ಹುಡುಗಿಯ ನೆನಪು ದಿನವೆಲ್ಲ ಬಿಡಲಿಲ್ಲ.

೯ ಮೇ, ಶನಿವಾರ

ಸಂಪತ್ ಕುಮಾರಾಚಾರ್ಯರು ಬಂದಿದ್ದರು. ಜೊತೆಗೆ ಕಸ್ತೂರಿರಂಗ ಮೇಷ್ಟ್ರು. ನಾಳೆ ಗಂಡಿನ ತಂದೆಯೇ ಇಲ್ಲಿಗೆ ಬರುತ್ತಾರಂತೆ, ಹಾಡು ಎಲ್ಲಿಂದ ಬಂತೆಂದು ವಿಚಾರಿಸಲು. ಮೇಷ್ಟ್ರಿಗೆ ಈಗ ಕರ್ತೃ ಯಾರೆಂದು ಚೆನ್ನಾಗಿ ಗೊತ್ತು.

"ಹಳೇದು ಅಂತ ಒಂದು ಮಾತು ಹೇಳಿಬಿಡಿ, ಅಮ್ಮಾ. ಅಜ್ಜಿಯಿಂದ ಕಲಿತದ್ದು ಅಂತ. ಹುಡುಗಿ ಬದುಕಿಕೊಳ್ಳುತ್ತೆ" ಎಂದರು ಮೇಷ್ಟ್ರು.

ಅವರು ಹೋದ ಮೇಲೆ ಅಣ್ಣನೂ ಅದನ್ನೇ ಹೇಳಿದ. ನಿನ್ನದೆಂದು ಒಪ್ಪಿಕೊಂಡರೆ ವಿಧವೆಯ ಹಾಡಿನಿಂದ ಮದುವೆ ಕೆಟ್ಟಿತು ಎನ್ನುತ್ತಾರೆ. ಆಮೇಲೆ ಯಾರೂ ಕರೆಯುವುದಿಲ್ಲ. ಗೋದಾಳ ಜಾತಕ ಬೇರೆ ಹೊರಗೆ ಕೊಟ್ಟಿದೆ. ಎಲ್ಲ ನಿಜ. ಹಳೆಯದೆಂದರೆ ಸೀಸನ್ ಕಳೆದ ಮೇಲೆ ಒಬ್ಬೊಬ್ಬರಾಗಿ ಹಿತ್ತಿಲಿಗೆ ಮತ್ತೆ ಬಂದಾರು. ಆದರೆ ಹನ್ನೆರಡೂ ಅಜ್ಜಿಯರ ಪಾಲು, ನನ್ನ ಬಾಯಿಂದಲೇ.

ಮಾತು ಕೊಡದೆ ಎದ್ದು ನಾಳೆಯ ಅಕ್ಕಿ ಆರಿಸಿದೆ.

೧೦ ಮೇ, ಭಾನುವಾರ. ಮಧ್ಯಾಹ್ನ ಮೂರು

ಆಚಾರ್ಯರು, ಮೇಷ್ಟ್ರ ಜೊತೆ ಗಂಡಿನ ತಂದೆ ಬಂದು ಹೋದರು. ಎತ್ತರದ ಆಳು, ಮಾತು ಕಡಿಮೆ. ಗೋದಾ ಹಿತ್ತಾಳೆ ಲೋಟದಲ್ಲಿ ನೀರು ಇಟ್ಟಳು. ಮುಟ್ಟಲಿಲ್ಲ. ನಾನು ನಡುಮನೆಯ ಬಾಗಿಲ ಹಿಂದೆ.

ಮೇಷ್ಟ್ರು ಶತಮಾನಗಳ ಕಥೆ ಹೇಳಿದರು. ಗಂಡಿನ ತಂದೆ ಪೂರ್ತಿ ಕೇಳಿದರು. ಮಂಡ್ಯದ ಕಡೆ ಬೀಗರ ಹಾಡನ್ನು ಹೇಳಿಮಾಡಿಸುತ್ತಾರೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಹಳೆಯದೆಂದರೆ ಹೇಗೆ ನಂಬಲಿ ಎಂದರು. ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅಣ್ಣನೂ ನೋಡಿದ.

ಹಳೆಯದೆಂದು ನಾನು ಹೇಳಿದರೂ ಆ ಮನುಷ್ಯ ನಂಬುವುದಿಲ್ಲ ಎಂದು ಆಗ ಗೊತ್ತಾಯಿತು. ಹುಡುಗಿ ತವರಲ್ಲೇ ಉಳಿಯುತ್ತಾಳೆ. ಅದಕ್ಕೇ ಹೇಳಿದೆ ಎಂದು ಬರೆದರೆ ಪೂರ್ತಿ ಸತ್ಯವಲ್ಲ. ಹೇಳಬೇಕು ಎನ್ನಿಸಿತ್ತು, ಹೇಳಿದೆ.

"ನಾನು ಕಟ್ಟಿದ್ದು. ಎರಡು ವರ್ಷದ ಹಿಂದೆ, ಬ್ಲಫಿನ ಬೀಗರಿಗೆ. ನೀವು ಯಾರು ಅಂತ ಆಗ ನನಗೆ ಗೊತ್ತಿರಲಿಲ್ಲ. ನಿಮಗೇ ಕಟ್ಟಿದ್ದಿದ್ದರೆ ಅದರಲ್ಲಿ ಲೋಟ ಬರುತ್ತಿರಲಿಲ್ಲ."

ಗೋದಾಳ ಕೈಲಿ ನನ್ನ ಹಾಡಿನ ನೋಟ್‌ಬುಕ್ ಕಳಿಸಿದೆ. ತಾರೀಖು, ಊರು, ಮದುವೆ ಮನೆ, ಮುಟ್ಟಬಾರದ್ದು — ಎಲ್ಲ ಪ್ರತಿ ಹಾಡಿನ ತಲೆಯ ಮೇಲೆ ಇದೆ. ಪುಸ್ತಕದಲ್ಲಿ ಬಿಟ್ಟ ನುಡಿಯನ್ನು ಅವರು ಎರಡು ಸಲ ಓದಿದರು. ಮೇಷ್ಟ್ರು ಶಲ್ಯ ಸರಿಮಾಡಿಕೊಂಡರು.

"ನನಗೆ ಏನು ಕಟ್ಟುತ್ತಿದ್ದಿರಿ?" ಎಂದು ಬಾಗಿಲ ಕಡೆಗೆ ಕೇಳಿದರು.

"ಬಾಯಿ ಮುಚ್ಚದೆ ಮಾತಾಡಿ ಪುರೋಹಿತರಿಗೆ ಮಂತ್ರ ಮರೆಸಿದವರು ಅಂತ."

ಲೋಟ ಎತ್ತಿ ನೀರು ಕುಡಿದ ಸದ್ದು. ಬುಧವಾರ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ ಎಂದು ಆಚಾರ್ಯರಿಗೆ ಹೇಳಿ ಎದ್ದರು.

೧೪ ಜೂನ್, ಭಾನುವಾರ

ವೈಶಾಖ ಮುಗಿಯಿತು. ಜ್ಯೇಷ್ಠವೂ ಮುಗಿಯುತ್ತಾ ಬಂತು. ಒಬ್ಬರೂ ಬಂದಿಲ್ಲ. ಗೋದಾಳನ್ನೂ ಹಾಡಲು ಕರೆದಿಲ್ಲ. ಜಾತಕ ಒಂದು ವಾಪಸ್ಸು ಬಂದಿದೆ, ಕಾರಣ ಬರೆದಿಲ್ಲ. ಅಣ್ಣ ಬೈಯುವುದಿಲ್ಲ. ಬೈದರೆ ವಾಸಿಯಿತ್ತು.

ಪುಸ್ತಕ ಎರಡನೆಯ ಮುದ್ರಣವಾಗಿದೆ. ಲೋಟದ ಹಾಡಿಲ್ಲ. 'ಕೆಲವರ ಮನಸ್ಸಿಗೆ ನೋವಾದ್ದರಿಂದ ಒಂದು ಹಾಡನ್ನು ಕೈಬಿಟ್ಟಿದೆ.' ಉಳಿದ ಹನ್ನೊಂದು ಅಜ್ಜಿಯರ ಹೆಸರಿನಲ್ಲೇ ಇವೆ.

ನನ್ನದು ಎಂದದ್ದನ್ನು ತೆಗೆದರು. ಎನ್ನದೆ ಇದ್ದದ್ದನ್ನು ಇಟ್ಟುಕೊಂಡರು. ಅತ್ತುಬಿಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅತ್ತುಬಿಟ್ಟೆ.

೨೨ ಜೂನ್, ಸೋಮವಾರ

ನನ್ನದೇ ಪುಸ್ತಕದ ಅಚ್ಚಿನ ಖರ್ಚಿಗೆ ಪೆಟ್ಟಿಗೆಯಲ್ಲಿದ್ದ ಎರಡು ಬಳೆ ಮಾರಿಸಿದೆ. ಹಾಕಿಕೊಳ್ಳುವಂತಿರಲಿಲ್ಲ, ಹೇಗೂ. ಹನ್ನೆರಡಲ್ಲ, ನಲವತ್ತೊಂದು ಹಾಡು. ಪ್ರತಿಯೊಂದಕ್ಕೂ ತಾರೀಖು, ಊರು. ಮುಟ್ಟಬಾರದ್ದನ್ನು ಮಾತ್ರ ಗೋದಾ ಪ್ರತಿ ಮಾಡುವಾಗ ಬಿಟ್ಟಿದ್ದಾಳೆ — ಅದು ಆಯಾ ಮನೆಯವರದು.

ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನಯಾಜ್ ಪಾಷಾ ಒಪ್ಪಿದ್ದಾರೆ. ಈಗ ಜಗಲಿಗೆ ಬಂದು ಕೂತಿದ್ದಾರೆ. ಮೊದಲ ಪುಟಕ್ಕೆ ಹೆಸರು ಬೇಕಂತೆ, ಕಾಗದದಲ್ಲಿ ಬರೆದುಕೊಟ್ಟರೆ ತಪ್ಪಿಲ್ಲದೆ ಜೋಡಿಸುತ್ತಾರಂತೆ. 'ಒಬ್ಬ ಸೋದರಿ' ಎಂದು ಹಾಕಿಸು, ಮರ್ಯಾದೆಯಾಗಿರುತ್ತೆ ಎಂದು ಅಣ್ಣ ಒಳಗೆ ಬಂದು ಹೇಳಿಹೋದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಂಡ ಹಾಗಿತ್ತು.

ತಿರುಮಲಮ್ಮ ಎಂದು ಬರೆದೆ. ಕೆಳಗೆ, ಮಂಡ್ಯ. ಶಾಯಿ ಆರಲಿ ಎಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಗೋದಾ ಕೈ ಚಾಚಿ ನಿಂತಿದ್ದಾಳೆ, ಜಗಲಿಗೆ ಕೊಟ್ಟುಬರಲು. ಬೇಡ. ಇದನ್ನು ನಾನೇ —