ಕಣ್ಣಿನ ಪರೀಕ್ಷೆಯಲ್ಲಿ ಪಾಸಾದ ಕಿವಿ

ಸ್ನಾತಕೋತ್ತರ ದೃಷ್ಟಿವಿಜ್ಞಾನ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಬರುವ ಸೋಮವಾರ ತಾವು ಒಬ್ಬ ವಿದ್ಯಾರ್ಥಿನಿಯನ್ನು ವಿಚಾರಣೆಗೆ ಕರೆದಿದ್ದೀರಿ. ಎಂ.ಎಸ್ಸಿ. ಕೊನೆಯ ವರ್ಷದ ಪ್ರಬಂಧದಲ್ಲಿ ಆಕೆ ಅಂಕಿ ಅಂಶ ತಿರುಚಿದ್ದಾಳೆ ಎಂಬುದು ತಮ್ಮ ಆರೋಪ. ಸಾಬೀತಾದರೆ ಪದವಿ ಇಲ್ಲ. ಆಕೆ ನನ್ನ ಅಕ್ಕನ ಮಗಳು. ನಿಜವಾಗಿ ತಿರುಚಿದವರು ಯಾರು ಎಂದು ಕೇಳಲು ಎರಡು ಪತ್ರ ಬರೆದೆ. ಎರಡೂ ತಮ್ಮ ಕಣ್ಣಿಗೆ ಬೀಳಲಿಲ್ಲವಂತೆ. ಕಣ್ಣಿನ ವಿಭಾಗದಲ್ಲೇ ಹೀಗಾದರೆ ಮಿಕ್ಕವರ ಪಾಡೇನು? ಅದಕ್ಕೇ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ದರ್ಜಿ. ಹಳ್ಳಿಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಕಥೆ ಕೇಳಿ ಬೆಳೆದವನು. ಕಿವಿಗೆ ಒಮ್ಮೆ ಬಿದ್ದದ್ದು ನನ್ನ ಬಾಯಿಂದ ಇಂದಿಗೂ ಚಾಚೂ ತಪ್ಪದೆ ಬರುತ್ತದೆ. ಇದು ಹೆಮ್ಮೆಯ ಮಾತಲ್ಲ, ತಪ್ಪೊಪ್ಪಿಗೆ. ತಾವು ರೂಪಿಸಿದ ಹನ್ನೆರಡು ವಾರಗಳ ಕಣ್ಣಿನ ವ್ಯಾಯಾಮದಿಂದ ಐವತ್ತು ದಾಟಿದವರ ದೃಷ್ಟಿ ಸುಧಾರಿಸುತ್ತದೆಯೇ ಎಂಬ ಅಧ್ಯಯನಕ್ಕೆ ನಮ್ಮ ಬೀದಿಯ ನಲವತ್ನಾಲ್ಕು ಜನ ಒಪ್ಪಿಕೊಂಡೆವು. ಅಕ್ಷರಪಟ ಓದಿಸಿ ನಾವು ಹೇಳಿದ್ದನ್ನು ಬರೆದುಕೊಳ್ಳುವವರು ತಮ್ಮ ಸಹಾಯಕರು. ಆ ಹಾಳೆಗಳನ್ನು ವಿಶ್ಲೇಷಿಸುವವಳು ನಮ್ಮ ಹುಡುಗಿ. ಮೊದಲ ಸಲ ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿ ಓದಿಸಿದರು. ಪಟದ ಕೊನೆಯ ಸಾಲು ನನಗೆ ಇರುವೆಗಳ ಮೆರವಣಿಗೆಯಂತೆ ಕಂಡಿತು.

ಹನ್ನೆರಡು ವಾರ ಕಣ್ಣುಗುಡ್ಡೆ ತಿರುಗಿಸಿ ಮತ್ತೆ ಹೋದೆವು. ಮೆಟ್ಟಿಲ ಬಳಿ ಇದ್ದ ಬೆಂಚು ಅಂದು ಪರೀಕ್ಷಾ ಕೊಠಡಿಯ ಬಾಗಿಲಿಗೇ ಬಂದು ಕೂತಿತ್ತು. ಬಾಗಿಲು ಮುಚ್ಚದಂತೆ ಇಟ್ಟಿಗೆಯೊಂದನ್ನು ಒತ್ತು ಕೊಟ್ಟಿದ್ದರು. ಗೋಡೆಯ ಮೇಲೆ ಅದೇ ಹಳೆಯ ಪಟ. ಬೆಂಚಿಗೆ ಕಾಲಿದೆ ನಿಜ, ಆದರೆ ನಡೆಯಲು ಯಾರು ಕಲಿಸಿದರು ಸ್ವಾಮಿ?

ಸಾಲಿನಲ್ಲಿ ಮೊದಲಿಗರು ನಮ್ಮ ಕೊಳಲು ಮೇಷ್ಟ್ರು. ಹದ್ದಿನ ಕಣ್ಣು, ಆದರೆ ಳಕಾರಕ್ಕೆ ನಾಲಿಗೆ ಹೊರಳದು. 'ಬಾ ಮಗು, ಕೊಲಲು ಕಲಿಸ್ತೀನಿ' ಎಂದರೆ ಮಕ್ಕಳು ಅಮ್ಮನ ಹಿಂದೆ ಅಡಗುತ್ತವೆ ಎಂದು ಬೀದಿಯೆಲ್ಲ ನಗುತ್ತದೆ. ಪಟದ ಕೊನೆಯ ಸಾಲು 'ತ ಳ ಗ ಮ ಜ'. ಅವರು ರಾಗವಾಗಿ 'ತ ಲ ಗ ಮ ಜ' ಎಂದರು. ಹಿಂದಿನವರೂ ಅದನ್ನೇ ಹೇಳಿದರು. ನನ್ನ ಸರದಿ ಬರುವಷ್ಟರಲ್ಲಿ ಹತ್ತಾರು ಸಲ ಕೇಳಿದ್ದೆ. ಕುರ್ಚಿಯಲ್ಲಿ ಕೂತವನೇ 'ತ ಲ ಗ ಮ ಜ' ಎಂದೆ.

"ಭೇಷ್ ಯಜಮಾನ್ರೇ, ಕೊನೇ ಸಾಲಲ್ಲಿ ಒಂದೇ ತಪ್ಪು! ಹುಡುಗ ಆಗ್ಬಿಟ್ರಿ" ಎಂದರು ತಮ್ಮ ಸಹಾಯಕರು. ನಾನು ಪೂರಿಯಂತೆ ಉಬ್ಬಿದೆ.

ತಿಂಗಳ ಬಳಿಕ ಹುಡುಗಿ ಅಂಗಡಿಗೆ ಬಂದಳು. ನಾನು ಅವಳಿಗೆ ಬೆನ್ನು ಮಾಡಿ ಇಸ್ತ್ರಿ ಹಾಕುತ್ತಿದ್ದೆ.

"ಮಾವ, ಪಟದ ಕೊನೇ ಸಾಲು ಹೇಳಿ ನೋಡೋಣ."

"ತ ಲ ಗ ಮ ಜ. ಯಾಕೆ, ಬಹುಮಾನ ಏನಾದ್ರೂ ಇದ್ಯಾ?"

"ಗೋಡೆ ನೋಡ್ಕೊಂಡೇ ಹೇಳಿದ್ರಲ್ಲ ಮಾವ! ಆವತ್ತು ಅದನ್ನ ನೋಡಿದ್ರಾ, ಕೇಳಿದ್ರಾ?"

"ಕೇಳಿದ್ದು ಕಣೇ. ಕಂಡಿದ್ರೆ ತಾನೇ ನೋಡೋದು?"

ಹುಡುಗಿ ಹಣೆ ಹಿಡಿದುಕೊಂಡು ಕುಳಿತಳು. ದೃಷ್ಟಿ 'ಸುಧಾರಿಸಿದ' ಮೂವತ್ತೊಂದು ಜನರ ಹಾಳೆಯಲ್ಲೂ ಅದೇ ಜಾಗದಲ್ಲಿ ಅದೇ ಲ. ಕಣ್ಣು ಎಡವಿದರೆ ರೂಪ ಹೋಲುವ ಅಕ್ಷರದ ಮೇಲೆ ಬೀಳುತ್ತದಂತೆ, ಪಕಾರ ವಕಾರವಾಗಿ ಕಾಣುತ್ತದಂತೆ. ಸದ್ದು ಹೋಲುವ ಅಕ್ಷರದ ಮೇಲೆ ಬೀಳುವುದು ಕಿವಿ. ಹಾಗಾಗಿ ಆ ಮೂವತ್ತೊಂದು ಹಾಳೆಗಳನ್ನು ಬದಿಗಿಟ್ಟು, ಕಾರಣವನ್ನು ಪ್ರಬಂಧದಲ್ಲೇ ಬರೆದಳು. ಉಳಿದವರಲ್ಲಿ ಸುಧಾರಣೆ ಸೊನ್ನೆ. ತಾವು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಗ್ರಾಮ್ಯ ಉಚ್ಚಾರಣೆಯಷ್ಟೇ, ಹಾಳೆಗಳನ್ನು ಮರಳಿ ಸೇರಿಸಿ' ಎಂದು ಬರೆದಿರಿ. ಅವಳು ಸೇರಿಸಲಿಲ್ಲ. ವಿಚಾರಣೆಯ ನೋಟಿಸು ಬಂತು.

ಗ್ರಾಮ್ಯವೇ? ಅದೇ ಪಟದ ಮೂರನೆಯ ಸಾಲಿನಲ್ಲಿ ದಪ್ಪನೆಯ ಳಕಾರವಿದೆ. ಮೇಷ್ಟ್ರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಅದನ್ನು 'ಳ' ಎಂದೇ ಓದಿದ್ದೇವೆ, ಹಾಳೆ ನೋಡಿ. ಎರಡು ಸಾಲು ಕೆಳಗಿಳಿಯುವಷ್ಟರಲ್ಲಿ ಮೂವತ್ತೊಂದು ನಾಲಿಗೆಗಳು ಒಟ್ಟಿಗೆ ಹಳ್ಳಿಗೆ ಹೋಗಿಬಂದವೇ? ಅಕ್ಕನ ಮಗಳು ಈ ಪ್ರಶ್ನೆ ಎತ್ತಿದ ಮರುದಿನವೇ ಇಟ್ಟಿಗೆ ಮಾಯವಾಗಿ ಬೆಂಚು ಮೆಟ್ಟಿಲ ಬಳಿಗೆ ಮರಳಿದ್ದೇಕೆ? ತಪ್ಪೇ ಆಗದಿದ್ದರೆ ತಿದ್ದಿದ್ದೇನು? ನನ್ನದು ಸಂಶಯದ ಸ್ವಭಾವ ಎನ್ನಬಹುದು. ಇರಲಿ. ಸಂಶಯಪಡುವುದನ್ನೇ ತಾವು ಅಲ್ಲಿ ಎರಡು ವರ್ಷ ಕಲಿಸುತ್ತೀರಿ ಎಂದುಕೊಂಡಿದ್ದೆ. ಅವಳು ಕಲಿತಳು. ಕಲಿಸಿದವರಿಗೇ ಅದು ಮುಳುವಾಯಿತೇ?

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಸೋಮವಾರ ಅವಳನ್ನು ನಿಲ್ಲಿಸುವ ಮೊದಲು ನಮ್ಮ ನಲವತ್ನಾಲ್ಕು ಜನರನ್ನೂ ಕರೆಸಿ. ಹೊರಗಿನ ಪರೀಕ್ಷಕರೊಬ್ಬರು ತಂದ ಹೊಸ ಪಟ ತೂಗುಹಾಕಿ. ಬಾಗಿಲು ಹಾಕಿ, ಒಬ್ಬೊಬ್ಬರನ್ನೇ ಓದಿಸಿ. ಮೊದಲ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಕೊನೆಯ ಸಾಲಿಗೆ ಬಂದಾಗ 'ಕಾಣುವುದಿಲ್ಲ' ಎನ್ನುತ್ತೇನೆ. ದಯವಿಟ್ಟು ಆ ಮಾತನ್ನು, ಹೇಳಿದ ಹಾಗೆಯೇ ಬರೆದುಕೊಳ್ಳಿ.

ಇಂತಿ,
ಶಹಬ್ಬಾಸ್‌ಗಿರಿಯ ಆಸೆಗೆ ಸೊಸೆಯ ಓದಿಗೇ ಕಲ್ಲು ಹಾಕಿದ ಸೋದರಮಾವ