ತಾಂತ್ರಿಕ ಸಹಾಯಕಿಯ ಬಕೆಟ್ಟು

ಬುಧವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರೂ, ಟೀವಿ ಚರ್ಚೆಗಳ ಭೂಷಣರೂ, ನನ್ನ ಅಮ್ಮನ ಒಬ್ಬನೇ ಒಬ್ಬ ತಮ್ಮನೂ ಆದ ಮಾವನವರ ಪಾದಾರವಿಂದಗಳಿಗೆ, ನೀವು ಪ್ರೀತಿಯಿಂದ 'ಕಪಿ' ಎಂದು ಕರೆಯುವ ಅಕ್ಕನ ಮಗಳ ನಮಸ್ಕಾರಗಳು.

ನಾವು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವುದಿಲ್ಲ. ನಿನ್ನೆ ಫೋನಿನಲ್ಲಿ ನೀವು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿದೆ.

ನೀವು ನನ್ನಿಂದ ಕ್ಷಮಾಪಣೆ ಪತ್ರ ಕೇಳಿದ್ದೀರಿ. ಅದರಲ್ಲಿ ಏನಿರಬೇಕೆಂದೂ ನೀವೇ ಹೇಳಿದ್ದೀರಿ: ಅಮ್ಮ ನಿಮ್ಮ ಕಂಪನಿಯಲ್ಲಿ ನಿಜಕ್ಕೂ ಕಂಪ್ಯೂಟರ್ ಕೆಲಸವನ್ನೇ ಮಾಡುತ್ತಾಳೆ. ಮೊನ್ನೆ ಸರ್ಕಾರದ ಅಧಿಕಾರಿಗಳ ಮುಂದೆ ಅವಳು ಆಡಿದ ಮಾತು ನಾನು ಹೇಳಿಕೊಟ್ಟ ತಮಾಷೆ, ಎಂದು. ನಾಳೆ ಬೆಳಿಗ್ಗೆ ಈ ಕಾಗದ ನಿಮ್ಮ ಯಜಮಾನರ ಮೇಜಿನ ಮೇಲೆ ಇಲ್ಲದಿದ್ದರೆ ಅಮ್ಮನ ಕೆಲಸ ಹೋಗುತ್ತದೆ. ಇದ್ದರೆ ಉಳಿಯುತ್ತದೆ, ಜೊತೆಗೆ ಮುಂದಿನ ವರ್ಷ ನನ್ನ ಅರ್ಜಿಯನ್ನೂ "ನೋಡೋಣ". ಇಷ್ಟು ಉದಾರಿ ಮಾವ ಯಾರಿಗುಂಟು? ಆದ್ದರಿಂದ ಮುಖ ತೊಳೆದು, ತಲೆ ಬಾಚಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಬರೆಯುತ್ತಿದ್ದೇನೆ.

ಮೊದಲು ಗುರುತಿನ ಕಾರ್ಡಿನ ವಿಷಯ. ಅದು ಸಿಕ್ಕ ದಿನ ಕೆಲಸದಿಂದ ಬಂದ ಅಮ್ಮ ಚಪ್ಪಲಿಯನ್ನೂ ಬಿಡದೆ ಕೊರಳಲ್ಲಿದ್ದುದನ್ನು ಎತ್ತಿ ತೋರಿಸಿದಳು. ಅವಳ ಫೋಟೋದ ಕೆಳಗೆ 'ತಾಂತ್ರಿಕ ಸಹಾಯಕಿ'. ನಿಮ್ಮಲ್ಲಿ ನೆಲ ಒರೆಸುವ ಎಲ್ಲ ಹೆಂಗಸರಿಗೂ ಒಂದೊಂದು ಸಿಕ್ಕಿತ್ತು. "ನನ್ನ ತಮ್ಮ ಕೊಡಿಸಿದ್ದು ಕಣೆ, ನನ್ನ ತಮ್ಮ" ಎಂದಳು. ಸಂಬಳ ಏರಿತೇ ಎಂದು ಕೇಳಿದೆ. ಇಲ್ಲ. ಕೆಲಸ ಬದಲಾಯಿತೇ? ಇಲ್ಲ, ಅದೇ ಬಕೆಟ್ಟು, ಅದೇ ಕೋಲು. "ಮತ್ತೆ ಏನಮ್ಮಾ ಬದಲಾಗಿದ್ದು?" ಎಂದರೆ, "ಹೆಸರು. ಎಲ್ಲದಕ್ಕೂ ಕೊಂಕು ತೆಗೀಬೇಡ" ಎಂದು ಗದರಿ, ಕಾರ್ಡನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಿ, ದೂರ ನಿಂತು ನೋಡಿ, ಸೊಟ್ಟಗಿದೆ ಎಂದು ಮತ್ತೆ ಹೋಗಿ ಸರಿಮಾಡಿದಳು.

ಆಗ ನಾನೂ ನಿಮ್ಮನ್ನು ಹೊಗಳಿದೆ. ಈ ತಪ್ಪಿಗೆ ಮನಸಾರೆ ಕ್ಷಮೆ ಕೇಳುತ್ತೇನೆ.

ಆಮೇಲೆ ನಿಮ್ಮ ಕಂಪನಿಯ ಪರೀಕ್ಷೆಗೆ ನಾನು ಕೂತೆ. ಪ್ರೋಗ್ರಾಂ ಬರೆಯುವ ಕೆಲಸ. ನಾನು ಓದಿದ್ದೂ ಅದನ್ನೇ. ಫಲಿತಾಂಶದ ದಿನ ನೀವು ಕಾರಿಡಾರಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು ಹೇಳಿದಿರಿ: "ಎಲ್ಲರಿಗಿಂತ ನಿಂದೇ ಚೆನ್ನಾಗಿದೆ ಕಣೆ ಕಪಿ. ಆದ್ರೆ ಏನ್ ಮಾಡ್ಲಿ, ಈ ವರ್ಷ ಹೆಂಗಸರ ಲೆಕ್ಕ ತುಂಬಿಬಿಟ್ಟಿದೆ." ತಾಂತ್ರಿಕ ಕೆಲಸದಲ್ಲಿ ಮೂರರಲ್ಲಿ ಒಬ್ಬರು ಹೆಂಗಸರಿದ್ದರೆ ಸರ್ಕಾರ ತೆರಿಗೆ ಕಡಿಮೆ ಮಾಡುತ್ತದೆ, ಅಷ್ಟು ಜನ ಆಗಲೇ ಇದ್ದಾರೆ. "ಇನ್ನೊಬ್ಬಳನ್ನ ತಗೊಂಡ್ರೆ ನಮಗೇನು ಸಿಗುತ್ತೆ ಹೇಳು? ನಾಳೆ ಮದುವೆ, ಮಗು ಅಂತ ಬಿಟ್ಟುಹೋಗ್ತೀರ." ಹೀಗೆ ಮಾತಾಡುತ್ತಾ ಲಿಫ್ಟಿನವರೆಗೂ ಬಂದು ನನ್ನನ್ನು ಕಳಿಸಿಕೊಟ್ಟಿರಿ. ಅಲ್ಲಿ ಅಮ್ಮ ನೆಲ ಒರೆಸುತ್ತಿದ್ದಳು. ಬೂಟು ಒದ್ದೆಯಾಗದಂತೆ ನೀವು ಬಹಳ ಹುಷಾರಾಗಿ ದಾಟಿದಿರಿ.

ನಿಮ್ಮ ಪ್ರೋಗ್ರಾಂ ಬರೆಯುವ ಕೋಣೆಯಲ್ಲಿ ನನಗೆ ಕಂಡ ಹೆಂಗಸರು ಇಬ್ಬರೇ. ಉಳಿದವರೆಲ್ಲ ಎಲ್ಲಿದ್ದಾರೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅಮ್ಮ ಬಗ್ಗಿದಾಗ ಅವಳ ಕೊರಳಿನ ಕಾರ್ಡು ಬಕೆಟ್ಟಿನ ನೀರಿಗೆ ತಾಗಿತು. ಆಗ ಗೊತ್ತಾಯಿತು ಮಾವ. ನನ್ನ ಸೀಟು ಅಲ್ಲಿ ನೇತಾಡುತ್ತಿತ್ತು. ಅದನ್ನು ತುಂಬಿದವಳು ನನ್ನ ಹೆತ್ತವಳು, ಪಾಪ, ಅವಳಿಗೇ ತಿಳಿಯದ ಹಾಗೆ.

ಅದೇ ವಾರ ಟೀವಿಯಲ್ಲಿ ನಿಮ್ಮ ಚರ್ಚೆ. ವಿಷಯ, ಹೆಣ್ಣು ಮತ್ತು ತಂತ್ರಜ್ಞಾನ. ಕೂತವರು ನಾಲ್ಕು ಜನ ಗಂಡಸರು. "ಪ್ರತಿಭೆ ಇರೋ ಹೆಣ್ಮಕ್ಕಳು ಬಂದ್ರೆ ಬೇಡ ಅನ್ನೋರು ಯಾರು? ಬರೋದೇ ಇಲ್ಲ ಸ್ವಾಮಿ! ಕಾನೂನು ಮಾಡಿ ಎಳ್ಕೊಂಡು ಬರಕ್ಕಾಗುತ್ತಾ?" ಎಂದು ಮೇಜು ಗುದ್ದಿದಿರಿ. ಅದೇ ಉಸಿರಿನಲ್ಲಿ, ನಮ್ಮಲ್ಲಿ ಮಾತ್ರ ಮೂರರಲ್ಲಿ ಒಬ್ಬರು ಮಹಿಳೆ ಎಂದು ಬೀಗಿದಿರಿ. ಅಮ್ಮ ಸೋಫಾದ ತುದಿಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಬಂದಿದ್ದೆ ಮಾವ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದೆ. ಲಿಫ್ಟಿನ ಗುಂಡಿ ಒತ್ತಿ ವಾಪಸ್ ಕಳಿಸಿದವರು ನೀವು.

ಇನ್ನು ಮೊನ್ನೆಯ ಪ್ರಸಂಗ. ನಾನು ಅಲ್ಲಿರಲಿಲ್ಲ, ಆದರೆ ನಿಮ್ಮ ಆಫೀಸಿನ ಕಾವಲಿನ ತಾತ ಅಭಿನಯ ಸಮೇತ ಮಾಡಿ ತೋರಿಸಿದ್ದಾರೆ. ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಬಕೆಟ್ಟುಗಳನ್ನೆಲ್ಲ ಮೆಟ್ಟಿಲ ಕೆಳಗೆ ಬಚ್ಚಿಡಿಸಿ, ಒರೆಸುವ ಹೆಂಗಸರನ್ನು ಸಾಲಾಗಿ ಕಂಪ್ಯೂಟರುಗಳ ಮುಂದೆ ಕೂರಿಸಿದಿರಿ. ಹಿರಿಯ ಅಧಿಕಾರಿ ಕಾಫಿ ಕಪ್ಪನ್ನು ಅಮ್ಮನ ಮೇಜಿನ ಮೇಲಿಟ್ಟು ಕಾಗದ ತಿರುವಿ ಹಾಕುತ್ತಿದ್ದರು. ಕಪ್ಪು ಬಿತ್ತು. ಕಾಫಿ ನೆಲದ ತುಂಬ ಹರಿಯಿತು.

ಒರೆಸು ಎಂದು ನೀವು ಅಮ್ಮನಿಗೆ ಕಣ್ಸನ್ನೆ ಮಾಡಿದಿರಿ. ಅಮ್ಮ ಪರದೆ ನೋಡುತ್ತಲೇ ಇದ್ದಳು. ಕೆಮ್ಮಿದಿರಿ. ನೋಡುತ್ತಲೇ ಇದ್ದಳು. "ಯಾರಾದ್ರೂ ಕ್ಲೀನರ್ ಕರೀರಿ" ಎಂದರು ಅಧಿಕಾರಿ. ಆಮೇಲೆ ತಮ್ಮ ಕೈಲಿದ್ದ ಪಟ್ಟಿ ನೋಡಿ, "ಅಲ್ರೀ, ನಿಮ್ಮಲ್ಲಿ ಕ್ಲೀನರೇ ಇಲ್ವಲ್ಲ! ಇಷ್ಟು ದೊಡ್ಡ ಆಫೀಸನ್ನ ಯಾರು ಒರೆಸ್ತಾರೆ?" ಎಂದು ಅಮ್ಮನನ್ನೇ ಕೇಳಿದರು.

"ಗೊತ್ತಿಲ್ಲ ಸಾರ್. ನಾನು ತಾಂತ್ರಿಕ ಸಹಾಯಕಿ."

"ಹೌದಾ? ಏನು ಕೆಲಸ ಮಾಡ್ತೀರಮ್ಮ?"

"ಈ ಇಲೀನ ಆ ಕಡೆ ಈ ಕಡೆ ಅಲ್ಲಾಡಿಸ್ತಾ ಇರು ಅಂದಿದ್ದಾರೆ ಸಾರ್. ಅಲ್ಲಾಡಿಸ್ತಾ ಇದೀನಿ."

ಆಗ ಸಿಬ್ಬಂದಿ ವಿಭಾಗದ ಮುಖ್ಯಸ್ಥರು ಮಂಡಿಯೂರಿ, ತಮ್ಮ ಸ್ವಂತ ಕರವಸ್ತ್ರದಿಂದ ನೆಲ ಒರೆಸಿದರು. ಮೂಲೆಯಲ್ಲಿ ಕಲೆ ಉಳಿದಿದೆಯಂತೆ. ಅಭ್ಯಾಸವಿಲ್ಲ, ಬಿಡಿ.

ಈಗ ಸುದ್ದಿ ಹೊರಬಿದ್ದ ಮೇಲೆ ನಿಮ್ಮ ಚರ್ಚೆಯ ಗೆಳೆಯರು ಟೀವಿಯಲ್ಲಿ ಹೊಸ ರಾಗ ತೆಗೆದಿದ್ದಾರೆ. ಹೆಂಗಸರಿಗೆಂದು ಕಾನೂನು ಮಾಡಿದರೆ ಹೀಗೆಯೇ ಮೋಸ ಆಗುವುದು, ತೆಗೆದುಹಾಕಿ ಎನ್ನುತ್ತಾರೆ. ಕಳ್ಳ ಬಾಗಿಲು ಮುರಿದ, ಆದ್ದರಿಂದ ಮನೆಗೆ ಬಾಗಿಲೇ ಬೇಡ! ಅದನ್ನು ಹೇಳುತ್ತಿರುವವರು ಯಾರು? ಮುರಿದವನ ಪಕ್ಕದ ಕುರ್ಚಿಯವರು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಕಪಿಯೇ, ಒಪ್ಪಿದೆ. ಚಿಕ್ಕವಳಿದ್ದಾಗ ನಿಮ್ಮ ಬೂಟಿನೊಳಗೆ ಕಪ್ಪೆ ಬಿಟ್ಟವಳು. ಆದರೆ ತಾಯಿಯ ಹೆಸರು ತೋರಿಸಿ ಮಗಳ ಕೆಲಸ ಕಿತ್ತುಕೊಂಡು, ಇಬ್ಬರಿಂದಲೂ ಕೃತಜ್ಞತೆ ವಸೂಲು ಮಾಡುವಂಥ ಚೇಷ್ಟೆ ನನ್ನ ಕೈಲಾಗದು. ಆ ವಿದ್ಯೆಯಲ್ಲಿ ನೀವೇ ಗುರುಗಳು.

ಆದ್ದರಿಂದ ನಾನು ಬರೆದುಕೊಡುವುದು ಇಷ್ಟೇ. ನನ್ನ ಅಮ್ಮ ನಿಮ್ಮಲ್ಲಿ ನೆಲ ಒರೆಸುತ್ತಾಳೆ, ಬೇರೆ ಕೆಲಸ ಮಾಡಿಲ್ಲ. ಮೊನ್ನೆಯ ಮಾತೆಲ್ಲ ಹೇಳಿಕೊಟ್ಟವಳು ನಾನು; ಅವಳಿಗೆ ಏನೂ ಗೊತ್ತಿರಲಿಲ್ಲ. ಸಿಟ್ಟು ನನ್ನ ಮೇಲೆ ತೀರಿಸಿಕೊಳ್ಳಿ, ನಿಮ್ಮ ಅಕ್ಕನನ್ನು ಬಿಡಿ. ಮುಂದಿನ ವರ್ಷ ನನ್ನ ಅರ್ಜಿಯನ್ನು ನೋಡುವ ಶ್ರಮ ಬೇಡ.

ಇಂತಿ, ಹೆಂಗಸರ ಲೆಕ್ಕದಲ್ಲಿ ಹಿಡಿಸದೆ ಹೊರಗುಳಿದ,
ಕಪಿ

ಮರೆತಿದ್ದು: ಅಮ್ಮ ಈಗ ಕೆಲಸದಿಂದ ಬಂದು ಇದನ್ನು ಓದಿದಳು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. "ನಾನು ಮಾಡದೇ ಇರೋ ಕೆಲಸಾನ ಅವನು ನನ್ನ ಹೆಸರಿಗೆ ಬರೆದ. ನಾನು ಮಾಡಿರೋ ಕೆಲಸಾನ ನೀನು ನಿನ್ನ ಹೆಸರಿಗೆ ಬರ್ಕೊಳ್ತೀಯಾ?" ಎಂದು ಬೈದಳು. ಪರೀಕ್ಷೆಯಲ್ಲಿ ಫೇಲಾದೆ ಎಂದೇ ನಾನು ಅವಳಿಗೆ ಹೇಳಿದ್ದೆ ಮಾವ. ಅವಳು ಆ ದಿನ ಲಿಫ್ಟಿನ ಹತ್ತಿರ ನಿಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳಂತೆ. ನಾನು ಏನನ್ನೂ ಹೇಳಿಕೊಟ್ಟಿಲ್ಲ. ಮೇಲಿನ ಆ ಸಾಲನ್ನು ಅವಳೇ ಹೊಡೆದುಹಾಕಿದ್ದಾಳೆ, ನೋಡಿ. ನಾಳೆ ಅವಳು ಕೆಲಸಕ್ಕೆ ಬರುವುದಿಲ್ಲ. ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಆ ಅಧಿಕಾರಿಯ ಕಚೇರಿಗೆ ಹೋಗುತ್ತಾಳೆ, ಜೊತೆಗೆ ನಾನು. ಇನ್ನೊಂದು ಮಾತು ತಪ್ಪದೆ ಬರಿ ಎನ್ನುತ್ತಿದ್ದಾಳೆ: ಆ ಕಾಫಿ ಕಪ್ಪು ತಾನಾಗಿ ಬೀಳಲಿಲ್ಲ.